ಶನಿವಾರದ ಖಾಲಿ ಖಾನೆ

ಶೇವಂತಾಳನ್ನು ಕೊಂದದ್ದು ಒಂದು ಶಬ್ದ ಎಂದು ಖಾನಾಪುರದಲ್ಲಿ ಹೇಳುತ್ತಾರೆ. ಬೆಳಗಾವಿಯಲ್ಲೂ ಹೇಳುತ್ತಾರೆ, ಸ್ವಲ್ಪ ಬಣ್ಣ ಹಚ್ಚಿ. ಶಬ್ದ ಯಾವುದೆಂದರೆ ‘ಪರವಾ’. ‘ಪರವಾಗಿಲ್ಲ’ ಅನ್ನುವಾಗಿನ ಪರವಾ ಅಲ್ಲ, ಇದು ಮರಾಠಿಯದು. ಮರಾಠಿಯಲ್ಲಿ ಮೊನ್ನೆಗೂ ಪರವಾ, ನಾಡಿದ್ದಿಗೂ ಪರವಾ. ವಾಕ್ಯದ ಕೊನೆಗೆ ಬರುವ ಕ್ರಿಯಾಪದ ನೋಡಿ ಹಿಂದಿನದೋ ಮುಂದಿನದೋ ಎಂದು ತಿಳಿಯಬೇಕು. ಕ್ರಿಯಾಪದವಿಲ್ಲದೆ ಅದೊಂದನ್ನೇ ಬರೆದಿಟ್ಟರೆ ಓದುವವರ ಪುಣ್ಯ.

ಕನ್ನಡದವರು ಈ ಕಥೆ ಹೇಳಿದರೆ, ನೆಟ್ಟಗೆ ‘ನಾಡಿದ್ದು’ ಎಂದು ಬರೆದಿದ್ದರೆ ಹುಡುಗಿ ಬದುಕುತ್ತಿದ್ದಳು ಎಂದು ಮುಗಿಸುತ್ತಾರೆ. ಮರಾಠಿಯವರು ಹೇಳಿದರೆ, ನಮ್ಮ ತಾಲೂಕಿಗೆ ಕೆಲಸಕ್ಕೆ ಬರುವವರು ನಮ್ಮ ಮಾತು ಕಲಿತು ಬರಬೇಕಿತ್ತು ಎಂದು ಮುಗಿಸುತ್ತಾರೆ. ಅಂಗಡಿಯ ಬೋರ್ಡಿನ ಮೇಲಿನ ಅಕ್ಷರದ ಬಗ್ಗೆಯೂ ಒಪ್ಪದ ಈ ಎರಡು ಪಕ್ಷಗಳು ಶೇವಂತಾಳ ವಿಷಯದಲ್ಲಿ ಮಾತ್ರ ಒಪ್ಪಿಕೊಂಡುಬಿಟ್ಟಿವೆ: ತಪ್ಪು ಶಬ್ದದ್ದು, ಆ ಶಬ್ದ ಬರೆದವನದ್ದು. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಯಲ್ಲಿ ಕಳೆದವಳು ನಾನು. ಎರಡೂ ತಂಡ ಒಪ್ಪಿಕೊಂಡ ಅಂಶ ಬಂದರೆ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆಯೇ. ಯಾರೂ ಮುಟ್ಟಿ ನೋಡದೆ ದಾಟಿ ಹೋದ ಅಂಶ ಅದು.

ಮೊನ್ನೆ ಖಾನಾಪುರಕ್ಕೆ ಹೋಗಿದ್ದೆ. ಮೊನ್ನೆ ಎಂದರೆ ಕನ್ನಡದ ಮೊನ್ನೆ, ಆಗಿ ಹೋದದ್ದು. ರೈಲಿಳಿದಾಗ ಮಳೆ ಹಿಡಿದುಕೊಂಡಿತ್ತು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಾವು ಒಂದು ಮಳೆಗಾಲ ಬಾಡಿಗೆಗಿದ್ದ ಮನೆಯ ಕಟ್ಟೆ ಹತ್ತಿ ನಿಂತೆ. ಒಳಗೆ ಯಾರೋ ಶೇಗಡಿಯಲ್ಲಿ ಇದ್ದಿಲು ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಇಟ್ಟು, ಬಟ್ಟೆ ಒಣಗಿಸುತ್ತಿದ್ದರು. ಒದ್ದೆ ಹತ್ತಿಬಟ್ಟೆಗೆ ಹೊಗೆ ಹತ್ತಿದ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಬಾಗಿಲು ಬಡಿಯಲು ಎತ್ತಿದ ಕೈ ಹಾಗೇ ನಿಂತಿತು.

ಆ ವರ್ಷ ನಾನು ಕಾನೂನು ಪದವಿ ಮುಗಿಸಿ ಸಾಂಬ್ರಾದ ಮನೆಯಲ್ಲಿ ಕುಳಿತಿದ್ದೆ. ನಮ್ಮದು ಅಜ್ಜನ ಕಾಲಕ್ಕೆ ಕುರಿ, ಅಪ್ಪನ ಕಾಲಕ್ಕೆ ಸಂಬಳ. ನನ್ನ ಕಾಲಕ್ಕೆ ಏನು ಎಂಬುದು ಮನೆಯಲ್ಲಿ ದಿನಾ ಏಳುತ್ತಿದ್ದ ಪ್ರಶ್ನೆ. ಅಜ್ಜಿಯ ಹೆಸರು ಲಕ್ಕವ್ವ ನನಗಿಟ್ಟಿದ್ದರು, ಕಾಲೇಜಿನಲ್ಲಿ ಅದನ್ನು ಲಕ್ಕಿ ಮಾಡಿದವಳು ಸನ್ಮತಿ. ಸದಾಶಿವನಗರದ ಜೈನರ ಮನೆಯವಳು, ಅಪ್ಪನದು ಕಾಳುಕಡಿಯ ವ್ಯಾಪಾರ. ಚರ್ಚೆಯಲ್ಲಿ ನಾವಿಬ್ಬರೂ ಜೋಡಿ. ಎದುರಿನವರ ಮಾತು ಒಡೆಯುವುದು ನನ್ನ ಕೆಲಸ, ಒಡೆದದ್ದನ್ನು ನಮ್ಮ ಪರವಾಗಿ ಕಟ್ಟುವುದು ಅವಳ ಕೆಲಸ. ಅವಳ ಬಳಿ ಒಂದು ಆಯುಧವಿತ್ತು. ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ ಇಟ್ಟು, ಕೊನೆಗೆ ಮೆತ್ತಗೆ ‘ಹೌದಲ್ರೀ?’ ಎನ್ನುತ್ತಿದ್ದಳು. ಎದುರಿನವರು ಯೋಚಿಸುವ ಮೊದಲೇ ಹೌದು ಎಂದಿರುತ್ತಿದ್ದರು. ಆಮೇಲೆ ಹೊರಗೆ ಬಂದು ಚಹಾ ಕುಡಿಯುತ್ತ ನನ್ನನ್ನು ಕೇಳುತ್ತಿದ್ದಳು, “ಹೆಂಗಾತು?” ಗೆದ್ದಿದ್ದರೂ ಕೇಳುತ್ತಿದ್ದಳು. ನಾನು ತಪ್ಪು ಹುಡುಕಿ ಹೇಳಲೇಬೇಕು. ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಅವಳ ಬದುಕೆಲ್ಲ ಕಾರ್ಡುಗಳಲ್ಲಿತ್ತು. ಪಿಯುಸಿಯಿಂದಲೇ ರಟ್ಟಿನ ಸಣ್ಣ ಕಾರ್ಡು, ಒಂದು ಕಾರ್ಡಿಗೆ ಒಂದೇ ಕೆಲಸ, ಕೆಲಸ ಮುಗಿದರೆ ಕಾರ್ಡು ಒಂದು ಖಾನೆಯಿಂದ ಇನ್ನೊಂದಕ್ಕೆ.

“ಜಳಕಕ್ಕೂ ಕಾರ್ಡ್ ಐತೇನ?” ಎಂದು ನಾನು ಒಮ್ಮೆ ಕೆಣಕಿದ್ದೆ.

“ಅದಕ್ಕಿಲ್ಲ. ನಿನ್ನ ಜೋಡಿ ವಾದಾ ಮಾಡಾಕ ಐತಿ. ದಿನಕ್ಕ ಒಂದ, ಅದಕ್ಕಿಂತ ಜಾಸ್ತಿ ಬಂದ್ರ ನಾಳೆಗೆ ತಳ್ಳತೀನಿ.”

ಬೆಳಗಾವಿಯ ಕೆಲವು ಹಿರಿಯರು ಸೇರಿ ನಡೆಸುತ್ತಿದ್ದ ಒಂದು ಟ್ರಸ್ಟು ಅವಳನ್ನು ಖಾನಾಪುರಕ್ಕೆ ಕಳಿಸಿತು, ಅವಳು ನನ್ನನ್ನು ಎಳೆದುಕೊಂಡು ಹೋದಳು. ಖಾನಾಪುರದ ಕಾಡಿನೊಳಗಿನ ವಾಡಿಗಳಿಗೆ, ಕೆಲವೇ ಮನೆಗಳ ಆ ಸಣ್ಣ ಹಳ್ಳಿಗಳಿಗೆ, ಮಳೆಗಾಲದಲ್ಲಿ ದಾರಿ ಇರುವುದಿಲ್ಲ. ಹಳ್ಳ ತುಂಬಿದರೆ ಆಚೆಯವರು ಆಚೆ. ಅಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್ ಇದ್ದವರಿಗೆ ಗುಳಿಗೆ ತಪ್ಪದಂತೆ ಮುಟ್ಟಿಸುವುದು ನಮ್ಮ ಕೆಲಸ. ಇಡೀ ಮಳೆಗಾಲದ್ದನ್ನು ಒಮ್ಮೆಲೇ ಕೊಟ್ಟುಬಿಡಬಹುದಿತ್ತಲ್ಲ ಎಂದು ನಾನು ಬಂದ ದಿನವೇ ಕೇಳಿದೆ. ಹಿಂದೆ ಹಾಗೆ ಮಾಡಿ ನೋಡಿದ್ದರಂತೆ. ಸೋರುವ ಮನೆಗಳಲ್ಲಿ ಅರ್ಧ ಗುಳಿಗೆ ಹಾಳಾಗಿ, ಇನ್ನರ್ಧವನ್ನು ಪಕ್ಕದ ಮನೆಯ ತಲೆನೋವಿಗೂ ಹಂಚಿ, ಜನ ಹಾಸಿಗೆ ಹಿಡಿದಿದ್ದರು. ಹೀಗಾಗಿ ಎರಡು ವಾರಕ್ಕೊಮ್ಮೆ ಹೋಗಬೇಕು, ನುಂಗಿ ಮುಗಿಸಿದ ಗುಳಿಗೆಯ ಖಾಲಿ ಪಟ್ಟಿ ವಾಪಸ್ ಇಸಿದುಕೊಂಡು ಹೊಸದನ್ನು ಕೊಡಬೇಕು.

ನಾವು ಬಾಡಿಗೆಗಿದ್ದ ಮೇಲಿನ ಕೋಣೆಯ ಗೋಡೆಗೆ ಸನ್ಮತಿ ಒಂದು ಪ್ಲೈವುಡ್ ಹಲಗೆ ಹೊಡೆಸಿ ಮೂರು ಖಾನೆ ಮಾಡಿದಳು: ಬಂದದ್ದು, ಈ ವಾರ, ಆಯಿತು. ಯಾರಿಗೆ ಏನು ಮುಟ್ಟಿಸಬೇಕೋ ಅದೆಲ್ಲ ಕಾರ್ಡು. ಶನಿವಾರ ಸಂಜೆ ‘ಈ ವಾರ’ ಎಂಬ ಖಾನೆ ಖಾಲಿ ಆಗಿರಬೇಕು. ಅದರ ಫೋಟೊ ಟ್ರಸ್ಟಿನ ಗುಂಪಿಗೆ ಹೋಗಬೇಕು. ಬೆಳಗಾವಿಯ ಹಿರಿಯರು ಒಬ್ಬರಾದ ಮೇಲೊಬ್ಬರು ಚಪ್ಪಾಳೆಯ ಗುರುತು ಒತ್ತುತ್ತಿದ್ದರು. ದಾನಿಗಳಿಗೂ ಅದೇ ಫೋಟೊ ತೋರಿಸುತ್ತಿದ್ದರಂತೆ. ಇನ್ನೆರಡು ನಿಯಮಗಳಿದ್ದವು. ಬಾಯಿಮಾತಿನಲ್ಲಿ ಹೇಳಿದ್ದು ಹೇಳಿದಂತಲ್ಲ, ಕಾರ್ಡಿನಲ್ಲಿ ಇದ್ದದ್ದಷ್ಟೇ ಇದೆ. ಮತ್ತೆ, ಕಾರ್ಡಿಗೆ ಮೂರು ಶಬ್ದ ಸಾಕು.

ಈ ಎರಡೂ ನಿಯಮ ಹುಟ್ಟಿದ್ದು ತುಕಾರಾಮನ ಕಾರಣದಿಂದ. ಊರಿಗೆಲ್ಲ ಅವನು ತುಕಾ ಮಾಮಾ, ನಮಗೂ ಹಾಗೇ. ಬೈಕು ಓಡಿಸಿಕೊಂಡು, ಬೈಕು ಹೋಗದ ಕಡೆ ನಡೆದುಕೊಂಡು, ವಾಡಿಗಳಿಗೆ ಗುಳಿಗೆ ಒಯ್ಯುತ್ತಿದ್ದವನು ಅವನೇ. ಮರಾಠಿ ಸಾಲಿ ಕಲಿತವನು, ಮಾತಾಡುವುದು ಎರಡನ್ನೂ ಕಲೆಸಿ. ಹೆಸರು ಸಂತನದಾದರೂ ಸಂತರ ಹಾಗೇನೂ ಇರಲಿಲ್ಲ. ತಂಬಾಕು ಜಗಿದು ಕಿಟಕಿಯಿಂದ ಉಗುಳುತ್ತಿದ್ದ, ಮಳೆ ಜೋರಾದರೆ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದ, ಹೋಗಿದ್ದೆಯಾ ಎಂದರೆ ಹೋದಷ್ಟು ದೂರವನ್ನು ಬಣ್ಣಿಸುತ್ತಿದ್ದ. ಮೊದಲ ವಾರ ಅವನು ಬರೆದ ಕಾರ್ಡು ಕಾಗದ ಬರೆದ ಹಾಗಿತ್ತು: ‘ನಾನು ನಾಳೆ ಮುಂಜಾನೆ ಮಳೆ ಕಡಿಮೆ ಇದ್ದರೆ ಹೋಗಿ ಅಜ್ಜನಿಗೆ ಗುಳಗಿ ಕೊಟ್ಟು ಬರುತ್ತೇನೆ ಅಕ್ಕಾರೇ.’

“ಮಾಮಾ, ಇದರಾಗ ಅಜ್ಜ, ಗುಳಗಿ, ನಾಳೆ, ಇಷ್ಟ ಸಾಕು,” ಎಂದಳು ಸನ್ಮತಿ. “ಉಳಿದಿದ್ದೆಲ್ಲಾ ತಗೀರಿ.”

“ಅಕ್ಕಾರೇ ಅನ್ನೂದನೂ ತಗೀಲೇನ್ರಿ?”

“ಅದನ್ನ ಮೊದಲ ತಗೀರಿ.”

“ಆತ್ರಿ. ನಮ್ಮ ಮನ್ಯಾಗ ಹೆಂಡ್ತಿನೂ ಹಿಂಗ, ಬಾಯಿಲೆ ಹೇಳಿದ್ದು ನಂಬೂದಿಲ್ಲ. ಆದ್ರ ಆಕಿ ಬರದುಕೊಟ್ರೂ ನಂಬೂದಿಲ್ಲ, ನೀವ ಬೇಶಿ.” ಆಮೇಲೆ ಹಲಗೆಯ ಕಡೆ ಕೈ ಮಾಡಿ, “ಖಾನಾಪುರದಾಗ ಖಾನಿ ಖಾಲಿ ಮಾಡಿದ್ರ ಬರೇ ಪುರ ಉಳೀತೈತ್ರಿ, ನೋಡ್ರಿ ಮತ್ತ,” ಎಂದ.

ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ ಆಮೇಲೆ ಮುರಿಯಬೇಕು ಎಂದು ನಮಗೆ ಕಲಿಸಿದ್ದರು. ಹಾಗಾಗಿ ಹೇಳುತ್ತೇನೆ: ಆ ಹಲಗೆ ಕೆಲಸ ಮಾಡಿತು. ಜೂನ್ ಪೂರ್ತಿ, ಜುಲೈ ಪೂರ್ತಿ, ಆಚೆಯ ಒಂದು ಮನೆಗೂ ಗುಳಿಗೆ ತಪ್ಪಲಿಲ್ಲ. ಸೂರ್ಯ ಕಂಡ ದಿನಗಳೇ ಇರಲಿಲ್ಲ. ಗೋಡೆ ಬೆವರುತ್ತಿತ್ತು, ಕಾರ್ಡುಗಳು ಉಬ್ಬಿ ಅಂಚು ಮಡಚಿಕೊಳ್ಳುತ್ತಿದ್ದವು, ಶೇಗಡಿಯ ಮೇಲೆ ಒಣಗಿದ ಬಟ್ಟೆಯನ್ನೇ ನಾವು ದಿನವೂ ಹೊಗೆ ವಾಸನೆಯ ಸಮೇತ ತೊಡುತ್ತಿದ್ದೆವು. ಆ ಜಿಬಿಜಿಬಿಯಲ್ಲಿ ಸರಿಯಾಗಿದ್ದದ್ದು ಆ ಹಲಗೆ ಒಂದೇ. ಹಿಂದಿನ ವರ್ಷ ತುಕಾ ಮಾಮಾನ ನೆನಪನ್ನೇ ನಂಬಿ ನಡೆಸಿದ್ದಾಗ ಯಾರ್‍ಯಾರಿಗೋ ತಪ್ಪಿತ್ತಂತೆ, ಅವನೇ ಒಪ್ಪಿಕೊಂಡಿದ್ದ.

ನನ್ನ ತಕರಾರು ಒಂದೇ ಇತ್ತು. ಒಂದು ದಿನ ಊಟ ಮಾಡುತ್ತ ಕೇಳಿದೆ, “ಆಯಿತು ಅಂತ ಹೇಳಬೇಕಾದವರು ಯಾರು? ಕಾರ್ಡೋ, ಗುಳಗಿ ನುಂಗಿದವರೋ?”

“ಕಾರ್ಡು,” ಎಂದಳು ಸನ್ಮತಿ. “ಯಾಕಂದ್ರ ನುಂಗಿದವರಿಗೆ ಫೋನ್ ಹತ್ತಂಗಿಲ್ಲ. ನಿನಗ ಹತ್ತತೈತೇನ? ಇಲ್ಲಲ್ಲ. ಮತ್ತ ಉಣ್ಣು.”

ಆ ಸುತ್ತು ಅವಳೇ ಗೆದ್ದಳು.

ಶೇವಂತಾ ಇದ್ದದ್ದು ಎರಡು ಹಳ್ಳಗಳ ಆಚೆ, ಧನಗರ ಗೌಳಿಗಳ ಒಂದು ವಾಡಿಯಲ್ಲಿ. ನನ್ನ ವಾರಗೆಯವಳು. ಎಮ್ಮೆ ಕಾಯುವುದು ಅವರ ಕಸುಬು. ಸಣ್ಣಂದಿನಿಂದ ಅವಳಿಗೆ ಫಿಟ್ಸ್. ನಾನು ತುಕಾ ಮಾಮಾನ ಜೊತೆ ಮೊದಲ ಸಲ ಹೋದಾಗ, ತೊಡೆಯ ತನಕ ಕೆಸರಾಗಿದ್ದ ನನ್ನನ್ನು ನೋಡಿ ಅವಳು ಒಳಗಿದ್ದ ತಾಯಿಗೆ ಕೂಗಿ ಹೇಳಿದಳು, “ಆಯೇ, ವಕೀಲಬಾಯಿ ಬಂದಾರ, ಚಾ ಇಡ. ಸುಳ್ಳ ಹೇಳಬ್ಯಾಡ ಮತ್ತ, ಕೋರ್ಟಿಗೆ ಎಳೀತಾರ.”

ನಾನು ಕುರುಬರ ಮನೆಯವಳೆಂದು ತಿಳಿದ ಮೇಲೆ ಸಲಿಗೆ ಇನ್ನೂ ಹೆಚ್ಚಾಯಿತು. “ನೀವು ಕುರಿ ಬಿಟ್ಟು ವಾದಾ ಹಿಡದ್ರಿ. ನಾವು ಎಮ್ಮಿ ಬಿಟ್ಟು ಏನ ಹಿಡಿಯೂಣು, ಹೇಳ್ರಿ?”

“ಗುಳಗಿ ಹಿಡಿ ಮೊದಲ. ತಪ್ಪಿಸಿಲ್ಲಲ್ಲ?”

“ನಾ ಗುಳಗಿ ತಪ್ಪಸಂಗಿಲ್ಲ. ಗುಳಗಿ ನನ್ನ ತಪ್ಪಸಬಾರದು, ಅಷ್ಟ.”

ಅವಳು ತಪ್ಪಿಸದಿರುವುದಕ್ಕೆ ಕಾರಣವಿತ್ತು. ಗುಳಿಗೆ ಶುರುವಾಗುವ ಮೊದಲು ಅವಳನ್ನು ಒಬ್ಬಳನ್ನೇ ಎಲ್ಲಿಯೂ ಬಿಡುತ್ತಿರಲಿಲ್ಲ. ಒಲೆಯ ಹತ್ತಿರ ಕೂಡಬಾರದು, ಗಿಡ ಹತ್ತಬಾರದು, ನೀರಿನ ಕಡೆ ಸುಳಿಯಬಾರದು. ಒಂದು ಮಳೆಗಾಲ, ಒಂದು ಬೇಸಿಗೆ ಫಿಟ್ಸ್ ಬರದೇ ಕಳೆದ ಮೇಲೆ ಅವಳ ಆಯಿ ಎಮ್ಮೆಗಳ ಹಿಂದೆ ಹಳ್ಳಕ್ಕೆ ಒಬ್ಬಳನ್ನೇ ಬಿಟ್ಟಿದ್ದಳು.

“ಎಮ್ಮಿ ನೀರಾಗ ಬೀಳ್ತಾವ, ನಾ ಬಂಡಿ ಮ್ಯಾಲೆ ಕುಂದರ್ತೀನಿ,” ಎಂದಳು ಶೇವಂತಾ. ಬಂಡಿ ಎಂದರೆ ಅವಳ ಮಾತಿನಲ್ಲಿ ಬಂಡೆ. “ನಿಮಗ ತಿಳೀತೈತೋ ಇಲ್ಲೋ. ಹುಟ್ಟಿದಾಗಿಂದ ಯಾರರ ಒಬ್ಬರು ನನ್ನ ನೋಡಕೋತನ ಕುಂತಾರ. ಯಾರೂ ನೋಡದಂಗ ಕುಂದರೂದು ಎಷ್ಟ ಛಲೋ ಇರತೈತಿ.”

ಆಗಸ್ಟಿನಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಒಂದು ಗುರುವಾರ ತುಕಾ ಮಾಮಾ ಶೇವಂತಾಳ ಗುಳಿಗೆಯ ಪೊಟ್ಟಣ ಚೀಲದಲ್ಲಿಟ್ಟುಕೊಂಡು ಹೊರಟವನು ಮೊದಲ ಹಳ್ಳದಿಂದಲೇ ತಿರುಗಿ ಬಂದ. ಅವಳ ಬಳಿ ಇನ್ನೊಂದೆರಡು ದಿನದ್ದು ಉಳಿದಿರುತ್ತದೆ, ಶನಿವಾರ ಹೋದರಾಯಿತು ಎಂಬುದು ಅವನ ಲೆಕ್ಕ. ಮೇಲೆ ಬಂದು ಕಾರ್ಡು ಬರೆದು ‘ಈ ವಾರ’ದ ಖಾನೆಗೆ ಚುಚ್ಚಿದ. ಮೂರೇ ಶಬ್ದ, ನಿಯಮದ ಪ್ರಕಾರ, ಕನ್ನಡ ಅಕ್ಷರದಲ್ಲಿ: ‘ಶೇವಂತಾ ಗುಳಗಿ ಪರವಾ.’

ನಾನು ಆಗ ಊರಲ್ಲಿರಲಿಲ್ಲ. ಗುಳಿಗೆಯ ಚೀಟಿಗಳನ್ನು ಬರೆದುಕೊಡುತ್ತಿದ್ದ ನಿವೃತ್ತ ವೈದ್ಯರೊಬ್ಬರು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದರು. ಮುಂದಿನ ತಿಂಗಳ ಔಷಧಕ್ಕೆ ಅವರಲ್ಲಿಗೆ ಹೋದವಳು ಮಳೆಗೆ ಸಿಕ್ಕು ಅಲ್ಲೇ ಉಳಿದಿದ್ದೆ. ಮುಂದಿನದನ್ನು ನಾನು ಆಮೇಲೆ ಕೇಳಿ ಜೋಡಿಸಿಕೊಂಡದ್ದು.

ಶುಕ್ರವಾರ ತುಕಾ ಮಾಮಾನ ಹಳ್ಳಿಯಿಂದ ಸುದ್ದಿ ಬಂತು, ಅವನ ಮನೆಯ ಹಿಂಬದಿಯ ಮಣ್ಣಿನ ಗೋಡೆ ಕುಸಿದಿದೆ ಎಂದು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಓಡಿದ. ಆ ಮಳೆಯಲ್ಲಿ ಅಲ್ಲಿಗೆ ಫೋನೂ ಹತ್ತುತ್ತಿರಲಿಲ್ಲ. ಸನ್ಮತಿ ಔಷಧದ ಅಂಗಡಿಗೆ ಹೋಗಿದ್ದಳು. ಕೆಳಗೆ ಇದ್ದ ಮರಾಠಿ ಮನೆಮಾತಿನ ಮನೆಯೊಡತಿ, ನಾವು ಕಾಕೂ ಎನ್ನುತ್ತಿದ್ದವರು, “ಅಕ್ಕಾರಿಗೆ ಏನರ ಹೇಳೂದೈತೇನು?” ಎಂದು ಕೇಳಿದರಂತೆ. ಅವನು, “ಬಾಯಿಲೆ ಹೇಳಿದ್ರ ನಡ್ಯಂಗಿಲ್ರಿ ಕಾಕೂ. ಗ್ವಾಡಿ ಮ್ಯಾಲೆ ಬರದೀನಿ,” ಎಂದು ಹೋದನಂತೆ. ನಾನು ಈ ಮಾತನ್ನು ಬಹಳ ಸಲ ತಿರುವಿ ನೋಡಿದ್ದೇನೆ. ಆ ಮನುಷ್ಯ ಎರಡು ತಿಂಗಳು ಗೋಡೆಯ ಮೇಲಿನ ಹಲಗೆಯನ್ನು ಗೇಲಿ ಮಾಡಿದ. ಅದನ್ನು ಪೂರ್ತಿ ನಂಬಿ ಹೊರಟದ್ದು ಆ ಶುಕ್ರವಾರ. ತಾನು ಬರದಿದ್ದರೂ ಕಾರ್ಡು ಖಾನೆಯಲ್ಲಿದೆ, ಕೋಣೆಯ ಔಷಧದ ಡಬ್ಬಿಯಲ್ಲಿ ಇನ್ನೊಂದು ಪೊಟ್ಟಣವಿದೆ, ಅಕ್ಕಾರು ಯಾರನ್ನಾದರೂ ಕಳಿಸುತ್ತಾರೆ. ವ್ಯವಸ್ಥೆ ಅಂದರೆ ಅದೇ ತಾನೆ? ನೀನು ಇಲ್ಲದಾಗಲೂ ನಿನ್ನ ಕೆಲಸ ನಿಲ್ಲಬಾರದು ಎಂದು ಅವನಿಗೆ ಕಲಿಸಿದವರು ನಾವೇ.

ಶನಿವಾರ ಸಂಜೆ ಖಾನೆಯಲ್ಲಿ ಉಳಿದದ್ದು ಆ ಒಂದು ಕಾರ್ಡು. ಗುರುವಾರ ನಿಂತು ಓದಿದರೆ ಪರವಾ ಎಂದರೆ ಶನಿವಾರ, ಇನ್ನೂ ಹೋಗಬೇಕು. ಶನಿವಾರ ನಿಂತು ಓದಿದರೆ ಪರವಾ ಎಂದರೆ ಗುರುವಾರ, ಹೋಗಿ ಬಂದಾಗಿದೆ. ಮೊದಲಿನ ಅರ್ಥ ಹಿಡಿದರೆ ಆ ಮಳೆಯಲ್ಲಿ, ಕತ್ತಲಾಗುವ ಮುಂಚೆ, ಎರಡು ಹಳ್ಳ ದಾಟಬಲ್ಲ ಯಾರನ್ನಾದರೂ ಹುಡುಕಬೇಕು, ಇಲ್ಲವೇ ಆ ಮಳೆಗಾಲದಲ್ಲಿ ಮೊದಲ ಸಲ ಖಾಲಿಯಾಗದ ಖಾನೆಯ ಫೋಟೊ ಕಳಿಸಬೇಕು. ಎರಡನೆಯ ಅರ್ಥ ಹಿಡಿದರೆ ಒಂದು ಗುಂಡುಪಿನ್ನು ಕೀಳಬೇಕು, ಅಷ್ಟೆ. ಸನ್ಮತಿ ಕಾರ್ಡನ್ನು ‘ಆಯಿತು’ ಖಾನೆಗೆ ಚುಚ್ಚಿದಳು. ಕ್ಯಾಂಪಿನ ಆ ಹಳೆಯ ಬಂಗಲೆಯ ಪಡಸಾಲೆಯಲ್ಲಿ ವೈದ್ಯರ ಫೋನಿಗೂ ಫೋಟೊ ಬಂತು. ಅವರು ಕನ್ನಡಕ ಏರಿಸಿ ನೋಡಿ, “ಹುಡುಗಿ ಶಿಸ್ತಿನಾಕಿ,” ಎಂದು ಚಪ್ಪಾಳೆ ಒತ್ತಿದರು.

ಮಂಗಳವಾರ ಮನೆಯ ಕುಸಿದ ಗೋಡೆಯ ಜಾಗಕ್ಕೆ ತಟ್ಟಿ ಕಟ್ಟಿ ತುಕಾ ಮಾಮಾ ವಾಪಸ್ ಬಂದ. ಹಲಗೆ ನೋಡಿದ. ತನ್ನ ಕಾರ್ಡು ‘ಆಯಿತು’ ಖಾನೆಯಲ್ಲಿತ್ತು. ಯಾರೋ ಹೋಗಿ ಕೊಟ್ಟು ಬಂದಿದ್ದಾರೆ ಎಂದುಕೊಂಡು, ತನ್ನ ಚೀಲದಲ್ಲಿದ್ದ ಪೊಟ್ಟಣವನ್ನು ಡಬ್ಬಿಗೆ ಹಾಕಿದ. ಯಾರು ಹೋಗಿದ್ದರು ಎಂದು ಕೇಳಲಿಲ್ಲ. ಕೇಳಬಹುದಿತ್ತು, ಅದು ಅವನ ತಪ್ಪೇ, ನಾನು ಬಚ್ಚಿಡುವುದಿಲ್ಲ. ಸನ್ಮತಿಯೂ ಅವನನ್ನು ಏನೂ ಕೇಳಲಿಲ್ಲ. ಒಂದೇ ಕೋಣೆಯಲ್ಲಿದ್ದ ಇಬ್ಬರು ಒಬ್ಬರನ್ನೊಬ್ಬರು ಬಿಟ್ಟು ಗೋಡೆಯನ್ನು ಓದಿದರು. ಇಬ್ಬರಿಗೂ ಗೋಡೆ ಅವರಿಗೆ ಬೇಕಾದದ್ದನ್ನೇ ಹೇಳಿತು.

ನಾನು ಬುಧವಾರ ಮುಟ್ಟಿದೆ. ಗುರುವಾರ ಶೇವಂತಾಳ ವಾಡಿಯಿಂದ ಒಬ್ಬ ಗಂಡಸು ಕಂಬಳಿ ಹೊದ್ದು ಬಂದು ಕಟ್ಟೆಯ ಮೇಲೆ ನಿಂತ. ಹಿಂದಿನ ದಿನ ಸಂಜೆ ಎಮ್ಮೆಗಳು ತಾವಾಗಿಯೇ ಮನೆಗೆ ಬಂದಿದ್ದವು. ಹುಡುಗಿ ಬಂದಿರಲಿಲ್ಲ. ಹಳ್ಳದ ತಿರುವಿನಲ್ಲಿ ಸಿಕ್ಕಳು. ಬಂಡೆಯ ಬುಡದಲ್ಲಿ, ಅಂಥ ಆಳವೂ ಇಲ್ಲದ ನೀರಲ್ಲಿ.

ತುಕಾ ಮಾಮಾ ಮೆಟ್ಟಿಲು ಹತ್ತಿ ಹೋಗಿ ಹಲಗೆಯ ಮುಂದೆ ನಿಂತ. ಆ ಕಾರ್ಡನ್ನು ಕಿತ್ತು ಕೈಯಲ್ಲಿ ಹಿಡಿದು, ಸಾಲಿಯ ಹುಡುಗ ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಓದಿದ. “ಶೇವಂತಾ ಗುಳಗಿ ಪರವಾ.” ಆಮೇಲೆ, ಬರೆಯದೇ ಬಿಟ್ಟಿದ್ದ ಶಬ್ದವನ್ನು ಸೇರಿಸಿ ಇನ್ನೊಮ್ಮೆ ಓದಿದ. “ಪರವಾ ದೇತೋ. ಕೊಡ್ತೀನಿ. ನಾಡದ ಕೊಡ್ತೀನಿ ಅಂತ್ರಿ ಅಕ್ಕಾರ ಇದು.” ಸನ್ಮತಿ ಗೋಡೆಗೆ ಒರಗಿ ಅತ್ತಳು. ಅವಳ ಅಳು ನಾಟಕವಾಗಿರಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ, ನನಗೆ ಗೊತ್ತು.

ಮರುದಿನ ಮೂವರೂ ಹೋದೆವು. ಮಳೆ ನಿಂತಿತ್ತು, ಅದೊಂದು ಅಣಕ. ಶೇವಂತಾಳ ಆಯಿ ನಮಗೆ ಬೈಯಲಿಲ್ಲ. ಕುಂದರ್ರಿ ಎಂದಳು. ಒಳಗೆ ಹೋಗಿ, ಗೂಡಿನಲ್ಲಿ ಜೋಪಾನವಾಗಿಟ್ಟಿದ್ದ ಖಾಲಿ ಗುಳಿಗೆಯ ಪಟ್ಟಿಗಳನ್ನು ತಂದು ಸನ್ಮತಿಯ ಕೈಯಲ್ಲಿಟ್ಟಳು.

“ಖಾಲಿ ಪಟ್ಟಿ ಕೊಟ್ರನ ಹೊಸಾದು ಕೊಡ್ತೀರಂತ. ತೆಗದಿಟ್ಟಿದ್ಲು,” ಎಂದಳು. “ಮುಗದಾವ, ಹಳ್ಳಕ್ಕ ಹೋಗಬ್ಯಾಡ ಅಂದೆ. ವಕೀಲಬಾಯಿ ಇವತ್ತ ಬರ್ತಾರ ತಗೋ, ಒಂದ ದಿನಕ್ಕ ಏನ ಆಗತೈತಿ ಅಂತಂದು ಹೋದ್ಲು. ದಿನಾ ಹಿಂಗ ಅಂದ್ಲು.”

ಟ್ರಸ್ಟಿನ ಹಿರಿಯರು ಸಭೆ ಸೇರಿದರು. ಬರಹದಲ್ಲಿ ಸ್ಪಷ್ಟತೆ ಇರಲಿಲ್ಲ ಎಂದರು. ತುಕಾ ಮಾಮಾನಿಗೆ ನಾಳೆಯಿಂದ ಬರಬೇಡ ಎಂದರು. ಇನ್ನು ಮುಂದೆ ಕಾರ್ಡಿನ ಮೇಲೆ ತಾರೀಖನ್ನು ಅಂಕಿಯಲ್ಲೇ ಬರೆಯಬೇಕು ಎಂದು ಹೊಸ ನಿಯಮ ಮಾಡಿದರು. ನಾನು ನಿಯಮದ ಬಗ್ಗೆ ಅಲ್ಲ, ಮನುಷ್ಯನ ಬಗ್ಗೆ ಎದ್ದು ನಿಂತು ವಾದಿಸಿದೆ. ಇದು ಚರ್ಚಾಸ್ಪರ್ಧೆ ಅಲ್ಲಮ್ಮ ಎಂದು ಕೂರಿಸಿದರು. ಆ ತಿಂಗಳೇ ನಾನು ಸಾಂಬ್ರಾಕ್ಕೆ ಮರಳಿದೆ. ತುಕಾ ಮಾಮಾ ಈಗ ಯಾರದೋ ಟೆಂಪೊ ಓಡಿಸುತ್ತಾನೆ. ಖಾನಾಪುರದ ಸ್ಟ್ಯಾಂಡಿನಲ್ಲಿ ಅವನನ್ನು ‘ಪರವಾ ಮಾಮಾ’ ಎಂದು ಕರೆಯುತ್ತಾರೆ. ಅವನು ತಿರುಗಿಯೂ ನೋಡುತ್ತಾನೆ, ಓ ಎಂದೂ ಅನ್ನುತ್ತಾನೆ.

ಮೊನ್ನೆ ಕಾಕೂ ಬಾಗಿಲು ತೆಗೆದು, ನನ್ನ ಗುರುತು ಹಿಡಿದು, ತಲೆ ಒರೆಸಿಕೊಳ್ಳಲು ಪಂಜೆ ಕೊಟ್ಟರು. ಹಿತ್ತಲಲ್ಲಿ ಆ ಪ್ಲೈವುಡ್ ಹಲಗೆ ಕಟ್ಟಿಗೆಗೆ ಮಳೆ ಹೊಡೆಯದಂತೆ ಅಡ್ಡ ನಿಂತಿತ್ತು. ಮೂರು ಖಾನೆಗಳ ಗೆರೆ ಇನ್ನೂ ಕಾಣುತ್ತಿತ್ತು. ಚಹಾ ಸೋಸುತ್ತ ಅವರು, ತುಕಾರಾಮನನ್ನು ಹುಡುಗರು ಕಾಡಿಸುವುದನ್ನು ಹೇಳಿ, “ಭಾಳ ಕೆಟ್ಟ ಅನಸತೈತವ್ವಾ,” ಎಂದರು. ಆಮೇಲೆ, ಯಾವುದೋ ಅಡಿಗೆಯ ಮಾತು ಎನ್ನುವಷ್ಟು ಸಹಜವಾಗಿ ಅಂದರು:

“ಆಕಿ ಕೇಳೂಮುಂದ ನಾ ಎರಡೂ ಹೇಳಿದ್ರ ಛಲೋ ಇತ್ತೇನೋ.”

“ಯಾರು ಕೇಳೂಮುಂದ ಕಾಕೂ?”

“ಸನ್ಮತಿ. ಆ ಶನಿವಾರ ಕಾರ್ಡ್ ಹಿಡಕೊಂಡು ಕೆಳಗ ಬಂದಿದ್ಲಲ್ಲ. ಕಾಕೂ, ಪರವಾ ಅಂದ್ರ ಮೊನ್ನಿ, ಹೌದಲ್ರೀ? ಅಂದ್ಲು. ನಾ ರೊಟ್ಟಿ ಬಡ್ಯಾಕ ಹತ್ತಿದ್ದೆ. ಹೌದವ್ವಾ ಅಂದೆ. ಮೊನ್ನಿನೂ ಹೌದಲ್ಲ.”

“ಇಷ್ಟ ದಿನ ಯಾಕ ಯಾರಿಗೂ ಹೇಳಲಿಲ್ರಿ?”

“ಯಾರ ಕೇಳ್ಯಾರ ನನ್ನ?” ಎಂದರು. ಲೋಟ ನನ್ನ ಮುಂದಿಟ್ಟು, “ನಾ ಹೌದು ಅಂದಿದ್ದು ತಪ್ಪೇನವ್ವಾ?”

ತಪ್ಪಲ್ಲ ಎಂದೆ. ಚಹಾ ಕುಡಿದೆ. ಆ ಮನೆಯಲ್ಲಿ ಚಹಾ ಯಾವಾಗಲೂ ಸಿಹಿ ಜಾಸ್ತಿ.

ಒಂದು ಶಬ್ದದ ಅರ್ಥ ತಿಳಿಯದವರು ‘ಹಂಗಂದ್ರ ಏನ್ರಿ?’ ಎಂದು ಕೇಳುತ್ತಾರೆ. ಸನ್ಮತಿ ಆಗ ದಣಿದಿದ್ದಳು ಎನ್ನಬಹುದು. ಖಾತ್ರಿ ಮಾಡಿಕೊಳ್ಳಲು ಕೇಳಿದಳು ಎನ್ನಬಹುದು. ಅವಳ ಮನೆಯಲ್ಲಿ ಕನ್ನಡವೇ ಆದರೂ ಅಪ್ಪನ ಅಂಗಡಿಯಲ್ಲಿ ಅರ್ಧ ಗಿರಾಕಿ ಮರಾಠಿಯವರು, ‘ಪರವಾ ಯೇತೋ’, ನಾಡಿದ್ದು ಬರುತ್ತೇನೆ, ಎಂದು ಹೇಳಿ ಹೋಗುವವರು, ಎಂದೂ ಎನ್ನಬಹುದು. ರೈಲಿನಲ್ಲಿ ಮರಳುವಾಗ ಎರಡೂ ಪಕ್ಷದ ವಾದವನ್ನು ನಾನೇ ಮಾಡಿಕೊಂಡೆ. ಅವಳ ಪಕ್ಷವನ್ನು ಅವಳಿಗಿಂತ ಚೆನ್ನಾಗಿ ಮಾಡಲು ನಿಜಕ್ಕೂ ಪ್ರಯತ್ನಪಟ್ಟೆ.

ಆ ವಾರವೇ ಬೆಳಗಾವಿಯ ಒಂದು ಕಾಲೇಜಿನಲ್ಲಿ ಅವಳ ಕಾರ್ಯಕ್ರಮವಿತ್ತು. ಈಗ ಅವಳ ಕಸುಬು ಅದು: ಕೆಲಸಗಳನ್ನು ಹೊಂದಿಸಿಕೊಳ್ಳುವುದು ಹೇಗೆಂದು ಕಾಲೇಜುಗಳಿಗೆ, ಕಚೇರಿಗಳಿಗೆ ಹೋಗಿ ಕಲಿಸುವುದು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಮಾತು ಸೊಗಸಾಗಿತ್ತು. ಕೊನೆಗೆ ಪರದೆಯ ಮೇಲೆ ಒಂದೇ ಒಂದು ಶಬ್ದ ಮೂಡಿತು, ಪರವಾ. ಶೇವಂತಾಳ ಹೆಸರು ಹೇಳದೆ, ಒಬ್ಬ ಹುಡುಗಿ ಎಂದಳು. ತುಕಾ ಮಾಮಾನನ್ನು ಒಬ್ಬ ಸಹೋದ್ಯೋಗಿ ಎಂದಳು. ದನಿ ನಿಜವಾಗಿಯೂ ನಡುಗಿತು. “ಆ ಶಬ್ದಕ್ಕೆ ಇನ್ನೊಂದು ಅರ್ಥ ಇದೆ ಅಂತ ಅವತ್ತು ನನಗೆ ಗೊತ್ತೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಅಸ್ಪಷ್ಟವಾಗಿ ಬರೆಯಬೇಡಿ. ಒಂದು ಶಬ್ದ ಒಂದು ಜೀವ ತೆಗೆಯಬಹುದು.” ಸಭಾಂಗಣದಲ್ಲಿ ಹುಡುಗ ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು.

ಪ್ರಶ್ನೆಗಳಿವೆಯೇ ಎಂದು ಮೈಕು ಹಿಡಿದು ಕೇಳಿದಾಗ ನಾನು ಕೈ ಎತ್ತಲಿಲ್ಲ. ಸಭೆಯಲ್ಲಿ ಕೇಳುವ ಪ್ರಶ್ನೆ ಗೆಲ್ಲುವುದಕ್ಕೆ ಕೇಳುವಂಥದ್ದು, ಆ ಆಟ ನನಗೆ ಬೇಕಿರಲಿಲ್ಲ. ಜನ ಕರಗಿದ ಮೇಲೆ ಅವಳೇ ನನ್ನನ್ನು ಕಂಡು, ಎರಡು ಕಪ್ ಚಹಾ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದಳು. ಒಂದನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು, ಹಳೆಯ ಹಾಗೇ, ಭುಜಕ್ಕೆ ಭುಜ ತಾಗಿಸಿ ಕೇಳಿದಳು, “ಹೆಂಗಾತು?”

“ಛಲೋ ಆತು,” ಎಂದೆ. “ಒಂದ ತಿಳೀಲಿಲ್ಲ ನೋಡ ಸನ್ಮತಿ. ಇನ್ನೊಂದು ಅರ್ಥ ಗೊತ್ತ ಇರಲಿಲ್ಲಂದ್ರ, ಕಾಕೂನ ಯಾಕ ಕೇಳಿದಿ?”